ನಳದ ನೀರಿಗೆ ಬ್ಯಾಳಿ ಬೇಯವಲ್ದು, ಗೀಜರ್ ಕಟ್ಟಾಕತ್ತದ: ಸಾಫ್ಟನರ್ ಹಾಕಿಸಬೇಕಾ, ಆರ್‌ಒ ಸಾಕಾ?

ನಾಲಿದಂಡಿ
ಎಲ್ಲರಿಗೂ ನಮಸ್ಕಾರ್ರಿ. ಸಿಂಧನೂರು, ಮನ್ಯಾಗ ಐದು ಮಂದಿ. ತುಂಗಭದ್ರಾ ಎಡದಂಡಿ ನಾಲಿಯಾಗ ನೀರು ಇರೋತನಕ ನಳದ ನೀರಿಂದು ತಕರಾರಿಲ್ಲ. ನಾಲಿ ಬಂದ್ ಆಗಿ ಕೆರಿ ತಳ ಕಂಡ್ತು ಅಂದ್ರ ಅದೇ ಸಿಂಟೆಕ್ಸ್‌ಗೆ ಬೋರ್ ನೀರು ಏರಿಸಬೇಕಾಗ್ತದ. ಆಮ್ಯಾಲ ಸೋಪಿಗೆ ನೊರಿ ಬರಂಗಿಲ್ಲ, ತೊಗರಿಬ್ಯಾಳಿ ಆರು ಸೀಟಿ ಹೊಡಸಿದ್ರೂ ಕಾಳು ಕಾಳು, ಚಾದ ಮ್ಯಾಲ ಪೊರಿ, ಬಿಂದಿಗಿ ಒಳಗ ಸುಣ್ಣ. ಗೀಜರ್ ಕಾಯಾಕ ಮೊದಲಿನ ಎರಡರಷ್ಟು ಹೊತ್ತು.

ಬೋರ್ ನೀರಿನ ಪರೀಕ್ಷೆ ವರದಿ ಹಿಂಗದ. ಪಿಎಚ್ ಬಿಟ್ಟು ಉಳಿದದ್ದೆಲ್ಲಾ ಲೀಟರಿಗೆ ಮಿ.ಗ್ರಾಂ ಲೆಕ್ಕ:
ಪಿಎಚ್ 7.6, ಟಿಡಿಎಸ್ (ಕರಗಿದ ಲವಣ ಎಲ್ಲಾ ಸೇರಿ) 1210, ಒಟ್ಟು ಗಡಸುತನ 640, ಕ್ಯಾಲ್ಸಿಯಂ 120, ಮೆಗ್ನೀಷಿಯಂ 83, ಕ್ಷಾರತೆ 420, ಕ್ಲೋರೈಡ್ 310, ಸಲ್ಫೇಟ್ 150, ನೈಟ್ರೇಟ್ 62, ಫ್ಲೋರೈಡ್ 1.8.

ಅಂಗಡಿಯವರು ಸಾಫ್ಟನರ್ (ನೀರಿನ ಗಡಸು ತೆಗಿಯೋ ಯಂತ್ರ) ಹಾಕಿಸ್ರಿ, ಎಲ್ಲಾ ಸರಿ ಹೋಗ್ತದ ಅಂತಾರ. ಹಾಕಿಸಬೇಕಾ?

ಮಾನ್ವಿ_ಮಂದಿ
ಆರ್‌ಒ ಹಾಕ್ರಿ, ಮುಗೀತು.

ಪಾನಾಪೈಪು
ಮುಗ್ಯಂಗಿಲ್ರಿ. ಜಳಕ, ಬಟ್ಟಿ, ಗೀಜರ್ ಎಲ್ಲಾ ಸೇರಿ ಐದು ಮಂದಿಗೆ ದಿನಕ್ಕ 400 ಲೀಟರ್ ಬೇಕು. ಮನಿ ಆರ್‌ಒ ತಾಸಿಗೆ ಹತ್ತು ಹನ್ನೆರಡು ಲೀಟರ್ ಕೊಟ್ರ ಹೆಚ್ಚು. ಅದು ಕುಡಿಯೋ ನೀರಿಗೆ ಅಷ್ಟ. ಗೀಜರ್ ಕಟ್ಟೋದಕ್ಕೂ ಆರ್‌ಒಕ್ಕೂ ಸಂಬಂಧ ಇಲ್ಲ.

ಪಿಪೆಟ್ಟು
ವರದಿ ಇದೆಯಲ್ಲ, ಮೊದಲು ಅದನ್ನೇ ಓದೋಣ. ಅರ್ಧ ಮಂದಿ ವರದಿ ತರಿಸಿಕೊಂಡು ಟಿಡಿಎಸ್ ಒಂದನ್ನೇ ನೋಡಿ ಮಡಚಿಡುತ್ತಾರೆ.

ಮೊದಲು ವರದಿ ನಂಬಬಹುದೋ ಇಲ್ಲವೋ ತಾಳೆ ಹಾಕಿ. ಕ್ಯಾಲ್ಸಿಯಂ ಅನ್ನು 2.5ರಿಂದ, ಮೆಗ್ನೀಷಿಯಂ ಅನ್ನು 4.1ರಿಂದ ಗುಣಿಸಿ ಕೂಡಿಸಿದರೆ ಒಟ್ಟು ಗಡಸುತನ ಬರಬೇಕು. 120ಕ್ಕೆ 300, 83ಕ್ಕೆ 340, ಒಟ್ಟು 640. ಲೆಕ್ಕ ಕೂಡಿದೆ, ಈ ಮಟ್ಟಿಗೆ ವರದಿಯಲ್ಲಿ ತಪ್ಪು ಕಾಣುವುದಿಲ್ಲ.

ಇನ್ನು ಮಿತಿಗಳು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500, 2012ರ ಆವೃತ್ತಿ. ಅದರಲ್ಲಿ ಎರಡು ಅಂಕಿ ಇರುತ್ತವೆ. ಒಂದು ಒಪ್ಪಬಹುದಾದ ಮಿತಿ, ಇನ್ನೊಂದು ಬೇರೆ ಮೂಲವೇ ಇಲ್ಲದಾಗ ಸಹಿಸಬಹುದಾದ ಮಿತಿ. ಗಡಸುತನ 200 ಮತ್ತು 600. ಟಿಡಿಎಸ್ 500 ಮತ್ತು 2000. ಫ್ಲೋರೈಡ್ 1.0 ಮತ್ತು 1.5. ನೈಟ್ರೇಟ್ 45, ಅದಕ್ಕೆ ಎರಡನೇ ಅಂಕಿಯೇ ಇಲ್ಲ, ಸಡಿಲಿಕೆ ಇಲ್ಲ.

ನಿಮ್ಮ ಗಡಸುತನ 640, ಮಿತಿಗಿಂತ ತುಸು ಮೇಲೆ. ಇದು ಪಾತ್ರೆಗೆ, ಗೀಜರಿಗೆ, ಕೂದಲಿಗೆ, ಸೋಪಿನ ಖರ್ಚಿಗೆ ಕಷ್ಟ. ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ಕಾರಣದ ಮಿತಿಯನ್ನೇ ಹಾಕಿಲ್ಲ. ಆದರೆ ಫ್ಲೋರೈಡ್ 1.8, ನೈಟ್ರೇಟ್ 62. ಇವೆರಡಕ್ಕೂ ರುಚಿ ಇಲ್ಲ, ವಾಸನೆ ಇಲ್ಲ, ಬಿಂದಿಗೆಯಲ್ಲಿ ಕಲೆ ಇಲ್ಲ. ನೀವು ಕೇಳಿದ್ದು ಕಣ್ಣಿಗೆ ಕಾಣುವುದನ್ನು. ಭಯ ಪಡಬೇಕಾದ್ದು ಕಾಣದೇ ಇರುವುದಕ್ಕೆ. ಈ ಬೋರ್ ನೀರು ಇವತ್ತಿನಿಂದಲೇ ಕುಡಿಯಲು, ಅಡುಗೆಗೆ ಬೇಡ.

ಸಾಫ್ಟನರ್ ಫ್ಲೋರೈಡ್ ತೆಗೆಯುವುದಿಲ್ಲ, ನೈಟ್ರೇಟ್ ತೆಗೆಯುವುದಿಲ್ಲ. "ಎಲ್ಲಾ ಸರಿ ಹೋಗುತ್ತದೆ" ಅನ್ನುವ ಮಾತು ಸುಳ್ಳು.

ನಾಲಿದಂಡಿ
ಅಯ್ಯೋ. ಕುದಿಸಿ ಕುಡಿದ್ರ ಆಗ್ತದಲ್ರಿ?

ಪಿಪೆಟ್ಟು
ಆಗುವುದಿಲ್ಲ, ಕೆಡುತ್ತದೆ. ಕುದಿಸಿದರೆ ಸಾಯುವುದು ಕ್ರಿಮಿ ಮಾತ್ರ. ಫ್ಲೋರೈಡ್, ನೈಟ್ರೇಟ್ ಆವಿಯಾಗಿ ಹೋಗಲ್ಲ. ನಾಲ್ಕು ಲೀಟರ್ ಕುದಿಸಿ ಮೂರಕ್ಕೆ ಇಳಿಸಿದರೆ 62 ಇದ್ದ ನೈಟ್ರೇಟ್ 82 ದಾಟುತ್ತದೆ. ಮನೆಯಲ್ಲಿ ಬಾಟಲಿ ಹಾಲು ಕುಡಿಯುವ ಆರು ತಿಂಗಳೊಳಗಿನ ಕೂಸು ಇದ್ದರೆ ಆ ನೀರಿನಲ್ಲಿ ಹಾಲಿನ ಪುಡಿ ಕಲಸಲೇಬೇಡಿ. ನೈಟ್ರೇಟ್ ಕೂಸಿನ ರಕ್ತ ಆಮ್ಲಜನಕ ಹೊರುವುದನ್ನು ತಡೆಯುತ್ತದೆ, ಮೈ ನೀಲಿಗಟ್ಟುತ್ತದೆ.

ಕಾರಟಗಿಯವ
ಕುದಿಸಿದ್ರ ಗಡಸು ಕಮ್ಮಿ ಆಗ್ತದ ಅಂತ ಶಾಲ್ಯಾಗ ಓದೀವಲ್ಲ? ಕ್ಷಾರತೆ 420 ಅದ ಅಂದ್ರ 640ರೊಳಗ 420 ತಾತ್ಕಾಲಿಕ ಗಡಸು. ಕುದಿಸಿದ್ರ 220ಕ್ಕ ಇಳೀಬೇಕು.

ಪಿಪೆಟ್ಟು
ಲೆಕ್ಕ ಸರಿ, ಆದರೆ ಒಲೆಯ ಮೇಲೆ ಅಷ್ಟು ಇಳಿಯುವುದಿಲ್ಲ. ಕುದಿಸಿದಾಗ ಚೆನ್ನಾಗಿ ತಳ ಸೇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಮೆಗ್ನೀಷಿಯಂ ಕಾರ್ಬೊನೇಟ್ ಸ್ವಲ್ಪ ಕರಗುತ್ತದೆ, ಸುಲಭಕ್ಕೆ ಬೀಳಲ್ಲ. ಇವರ ನೀರಿನಲ್ಲಿ ಗಡಸಿನ ಅರ್ಧಕ್ಕಿಂತ ಹೆಚ್ಚು ಮೆಗ್ನೀಷಿಯಂದು. ಹತ್ತು ನಿಮಿಷ ಕುದಿಸಿ, ಆರಿಸಿ, ಮೇಲಿನ ತಿಳಿ ಬಸಿದರೂ 350ರ ಆಚೀಚೆ ಉಳಿದರೆ ಆಶ್ಚರ್ಯ ಬೇಡ.

ಕಾರಟಗಿಯವ
ಒಪ್ಪಿದೆ. ಮೆಗ್ನೀಷಿಯಂ ಲೆಕ್ಕಕ್ಕ ಹಿಡಿದಿರಲಿಲ್ಲ.

ಸಿರಗುಪ್ಪ_ಸೀಮೆ
ಪಟಿಕ ತಿರುವಿದ್ರೆ? ನಮ್ ಕಡೆ ಎಲ್ಲಾ ಅದೇ ಮಾಡ್ತಾರೆ.

ಪಾನಾಪೈಪು
ಪಟಿಕ ರಾಡಿ ಇಳಸ್ತದ ಅಷ್ಟ. ಮಳಿಗಾಲದಾಗ ನಾಲಿ ನೀರು ಕೆಂಪಗ ಬಂದಾಗ ಬೇಕು. ಬೋರ್ ನೀರು ಮೊದಲೇ ತಿಳಿ ಇರ್ತದ, ಅದಕ್ಕ ಪಟಿಕ ತಿರುವಿ ಏನೂ ಉಪಯೋಗಿಲ್ಲ. ಕ್ಯಾಂಡಲ್ ಫಿಲ್ಟರ್, ಯುವಿ (ಕ್ರಿಮಿ ಕೊಲ್ಲೋ ದೀಪ) ಇವುಕ್ಕೂ ಗಡಸು ಬಗ್ಗಂಗಿಲ್ಲ.

ಮಾನ್ವಿ_ಮಂದಿ
ಯಾವ ಬೋರ್ ನೀರು ಸಿಹಿ ಅದ ಅದು ಚಲೋ, ಸವಳು ಇದ್ರ ಕೆಟ್ಟದ್ದು. ನಾಲಿಗೆನ ಮೀಟರ್. ಇಷ್ಟೆಲ್ಲಾ ಪರೀಕ್ಷೆ ಯಾಕ?

ಪಿಪೆಟ್ಟು
ಈ ಮಾತನ್ನು ದಯವಿಟ್ಟು ಯಾರೂ ನಂಬಬೇಡಿ. ಫ್ಲೋರೈಡ್ ಬರುವುದು ನಮ್ಮ ನೆಲದಡಿಯ ಗ್ರಾನೈಟ್, ನೈಸ್ ಕಲ್ಲಿನಿಂದ. ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಫ್ಲೋರೈಡ್ ಕ್ಯಾಲ್ಸಿಯಂ ಜೊತೆ ಕೂಡಿ ಗಟ್ಟಿಯಾಗಿ ಹೊರಬೀಳುತ್ತದೆ. ಕ್ಯಾಲ್ಸಿಯಂ ಕಮ್ಮಿ ಇದ್ದ, ಮೆತ್ತಗಿನ, ಬಾಯಿಗೆ ರುಚಿಯಾದ ಬೋರ್ ನೀರಿನಲ್ಲೇ ಫ್ಲೋರೈಡ್ ಏರುವುದು ಹೆಚ್ಚು. ಕೊಪ್ಪಳ, ರಾಯಚೂರು ಜಿಲ್ಲೆಗಳ ಎಷ್ಟೋ ಹಳ್ಳಿಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬಂದಿರುವುದು ಬಾಯಿಗೆ ಕೆಟ್ಟದ್ದಲ್ಲದ ನೀರು ಕುಡಿದು. ಹಲ್ಲಿನ ಕಲೆ ಮೊದಲ ಗುರುತು. ವರ್ಷಗಟ್ಟಲೆ ಕುಡಿದರೆ ಬೆನ್ನು, ಮೊಣಕಾಲು ಬಿಗಿಯುತ್ತವೆ, ಅದು ಮತ್ತೆ ವಾಸಿಯಾಗುವ ರೋಗವಲ್ಲ.

ಪೆನ್ನಿನಂಥ ಟಿಡಿಎಸ್ ಮೀಟರ್ ಕೂಡ ಇದಕ್ಕೆ ಕುರುಡು. ಅದು ಅಳೆಯುವುದು ನೀರಿನಲ್ಲಿ ವಿದ್ಯುತ್ ಹರಿಯುವ ಶಕ್ತಿಯನ್ನು. 1.8 ಮಿ.ಗ್ರಾಂ ಫ್ಲೋರೈಡ್ 1210ರಲ್ಲಿ ಎಲ್ಲಿ ಕಾಣಬೇಕು?

ಅಡುಗೆಮನೆ
ಟಿಡಿಎಸ್ ಮೀಟರ್ ಅಂದಿದ್ದಕ್ಕೆ ಒಂದು ಎಚ್ಚರಿಕೆ. ಆರ್‌ಒ ಮಾರುವವರು ಮನೆಮನೆಗೆ ಬಂದು ಎರಡು ಗ್ಲಾಸಿನಲ್ಲಿ ಸರಳು ಇಳಿಸಿ ಕರೆಂಟ್ ಕೊಟ್ಟು ತೋರಿಸುತ್ತಾರೆ. ನಳದ ನೀರು ಅರ್ಧ ನಿಮಿಷದಲ್ಲಿ ಕಂದು, ಹಸಿರು ರಾಡಿಯಾಗುತ್ತದೆ, ಅವರ ಯಂತ್ರದ ನೀರು ಬೆಳ್ಳಗಿರುತ್ತದೆ. ಆ ರಾಡಿ ನೀರಿನದ್ದಲ್ಲ, ಕಬ್ಬಿಣದ ಸರಳೇ ಕರಗಿ ಬಂದದ್ದು. ಆರ್‌ಒ ನೀರಿನಲ್ಲಿ ಲವಣ ಕಮ್ಮಿ, ಕರೆಂಟ್ ಹರಿಯಲ್ಲ, ಅದಕ್ಕೆ ಸರಳು ಕರಗಲ್ಲ. ಆ ಬೆಳ್ಳಗಿನ ಗ್ಲಾಸಿಗೆ ಚಿಟಿಕೆ ಉಪ್ಪು ಹಾಕಿ ಮತ್ತೆ ಸರಳು ಇಳಿಸಿ ಅನ್ನಿ. ಅದೂ ರಾಡಿಯಾಗುತ್ತದೆ.

ಕಾರಟಗಿಯವ
ಇದನ್ನ ಎಲ್ಲಾ ಕಡೆ ಹಂಚಬೇಕ್ರಿ. ಮುದುಕರು ಇದ್ದ ಮನಿಗೇ ಬರ್ತಾರ ಇವ್ರು.

ಪಾನಾಪೈಪು
ಸಾಫ್ಟನರ್ ವಿಷಯಕ್ಕ ಬರ್ತೀನಿ. ಕುಡ್ಯಾಕ ಅಲ್ಲ, ಬಳಸೋ ನೀರಿಗೆ ಮಾತ್ರ. ಕೊಳ್ಳೋಕಿಂತ ಮುಂಚೆ ಈ ಲೆಕ್ಕ ಹಾಕ್ರಿ, ಅಂಗಡಿಯವರು ಹೇಳಂಗಿಲ್ಲ.

ಒಳಗ ಇರೋದು ರೆಸಿನ್, ಸಾಬುದಾಣಿಗಿಂತ ಸಣ್ಣ ಹಳದಿ ಗುಂಡು. ಅದು ಸುಣ್ಣ ಹಿಡಕೊಂಡು ಸೋಡಿಯಂ ಬಿಡ್ತದ. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸು ಹಿಡೀತದ. 25 ಲೀಟರ್ ರೆಸಿನ್ ಇದ್ರ 1250 ಗ್ರಾಂ. ನಿಮ್ಮ ನೀರಿನ್ಯಾಗ ಲೀಟರಿಗೆ 0.64 ಗ್ರಾಂ. 1250 ಭಾಗ 0.64 ಅಂದ್ರ 1950 ಲೀಟರ್. ದಿನಕ್ಕ 400 ಲೀಟರ್ ಬಳಸಿದ್ರ ಐದು ದಿನ ತುಂಬಂಗಿಲ್ಲ, ಉಪ್ಪು ಕೊಟ್ಟು ತೊಳೀಬೇಕು. ಒಂದು ಸಲಕ್ಕ ರೆಸಿನ್ ಲೀಟರಿಗೆ 150 ಗ್ರಾಂ ಉಪ್ಪು ಹಿಡೀರಿ, ಹತ್ರಹತ್ರ 4 ಕೆ.ಜಿ. ತಿಂಗಳಿಗೆ ಆರು ಸಲ, 24 ಕೆ.ಜಿ.

ಇದನ್ನ ಇಳಸಾಕ ದಾರಿ ಐತಿ. ಗಡಸು ಸೊನ್ನಿಗೆ ಇಳಸೋದು ಬ್ಯಾಡ. ಬೈಪಾಸ್ ವಾಲ್ವ್ ಹಾಕಿ ಮೂರರಾಗ ಒಂದು ಪಾಲು ಹಸಿ ನೀರು ಬೆರಸ್ರಿ. 640ರ ಮೂರನೇ ಒಂದು ಅಂದ್ರ 213. ಸೋಪು ನೊರಿ ಬರಾಕ ಅದು ಸಾಕು. ಸೊನ್ನಿ ಗಡಸಿನ ನೀರಾಗ ಜಳಕ ಮಾಡಿದ್ರ ಎಷ್ಟು ತೊಳದ್ರೂ ಮೈ ಜಾರತದ. ಬೆರಸಿದ್ರ ಉಪ್ಪು ಕೊಡೋದು ವಾರಕ್ಕ ಒಮ್ಮೆ, ತಿಂಗಳಿಗೆ 16 ಕೆ.ಜಿ.ಗೆ ಇಳೀತದ.

ಎಲ್ಲರೂ ತಪ್ಪೋದು ಒತ್ತಡದ ಕಡೆ. ಹತ್ತು ಮೀಟರ್ ಎತ್ತರಕ್ಕ ಒಂದು ಬಾರ್. ಸಿಂಟೆಕ್ಸ್ ಮಾಳಿಗಿ ಮ್ಯಾಲ ಮೂರು ಮೀಟರ್ ಇದ್ರ 0.3 ಬಾರ್ ಸಿಗ್ತದ, ರೆಸಿನ್ ಪದರು ದಾಟಿ ನೀರು ಜಿನುಗ್ತದ ಅಷ್ಟ. ಹಂಗಾಗಿ ಬೋರ್ ಮೋಟರಿಂದ ಸಿಂಟೆಕ್ಸ್‌ಗೆ ಏರೋ ದಾರ್ಯಾಗ ಕೂಡಿಸ್ರಿ, ಮೋಟರಿನ ಒತ್ತಡ ಸಿಗ್ತದ. ಆದ್ರ ವೆಸಲ್ (ರೆಸಿನ್ ತುಂಬಿದ ಫೈಬರ್ ಟ್ಯಾಂಕ್) ಮ್ಯಾಲ ಬರೆದ ಗರಿಷ್ಠ ಹರಿವು, ಗರಿಷ್ಠ ಒತ್ತಡ ನೋಡ್ಕೋರಿ. ಸಬ್‌ಮರ್ಸಿಬಲ್ ಜೋರಿದ್ರ ಎಫ್‌ಆರ್‌ಪಿ ವೆಸಲ್ ಸೀಳ್ತದ. ಮುಂದ ಒಂದು ಪ್ರೆಶರ್ ಗೇಜ್ ಮತ್ತ ಗೇಟ್ ವಾಲ್ವ್ ಇರಲೇಬೇಕು.

ಸಿರಗುಪ್ಪ_ಸೀಮೆ
ಉಪ್ಪು ಕೊಡೋದು ಹೆಂಗೆ ಅಂತ ಸರಿಯಾಗಿ ಹೇಳ್ರೀ. ಬಹಳ ಮನೆಗಳಲ್ಲಿ ಒಂದು ವರ್ಷಕ್ಕೇ ಸಾಫ್ಟನರ್ ಸತ್ತು ಕೂತಿರುತ್ತೆ.

ಪಾನಾಪೈಪು
ಸಾಯೋದು ಎರಡು ಕಾರಣಕ್ಕ. ಉಪ್ಪು ಕೊಡೋದು ಮರೀತಾರ, ಇಲ್ಲಾ ರಾಡಿ ನೀರು ಬಿಡ್ತಾರ.

ಮೊದಲು ಕೆಳಗಿಂದ ಮ್ಯಾಲಕ್ಕ ನೀರು ಬಿಟ್ಟು ಹತ್ತು ನಿಮಿಷ ಬ್ಯಾಕ್‌ವಾಶ್, ರೆಸಿನ್ ಎದ್ದು ಸಡಿಲ ಆಗಬೇಕು. ಆಮ್ಯಾಲ 4 ಕೆ.ಜಿ. ಉಪ್ಪು 36 ಲೀಟರ್ ನೀರಾಗ ಪೂರಾ ಕರಗಿಸಿ ಬಟ್ಟ್ಯಾಗ ಸೋಸಿ, ಅರ್ಧ ತಾಸು ಹಿಡಿಯೋ ಹಂಗ ಮೆಲ್ಲಕ ಎಳೀಬೇಕು. ಹತ್ತು ನಿಮಿಷದಾಗ ಓಡಿಸಿದ್ರ ಅರ್ಧ ಉಪ್ಪು ಗಟಾರಕ್ಕ. ಆಮ್ಯಾಲ ಅದೇ ವೇಗದಾಗ ನೀರು, ಕೊನೀಗೆ ಜೋರಾಗಿ ನೀರು. ನಾಲಿಗೆಗೆ ಉಪ್ಪು ತಾಗಬಾರದು, ಗಡಸು ಅಳಿಯೋ ಕಿಟ್‌ನ್ಯಾಗ ಗಡಸು ಇಳಿದಿರಬೇಕು. ಆ ಉಪ್ಪುನೀರು ಗಿಡದ ಪಾತಿಗೆ, ಬೋರ್ ಹತ್ರದ ಇಂಗುಗುಂಡಿಗೆ ಬಿಡಬ್ಯಾಡ್ರಿ.

ನಾಲಿ ನೀರು ಬಂದ ಮ್ಯಾಲ ಸಾಫ್ಟನರ್ ಬೈಪಾಸ್ ಮಾಡಿಬಿಡ್ರಿ. ಆ ನೀರಿಗೆ ಅದು ಬೇಕಿಲ್ಲ, ನಾಲಿ ರಾಡಿ ರೆಸಿನ್ ಮ್ಯಾಲ ಕೂತ್ರ ತೊಳದು ತೆಗಿಯೋದು ಕಷ್ಟ. ತಿಂಗಳಾನುಗಟ್ಟಲೆ ನಿಲ್ಲಿಸೋದಾದ್ರ ಒಳಗ ಉಪ್ಪುನೀರು ತುಂಬಿಸಿ ಬಿಡ್ರಿ, ಬರೇ ನೀರು ನಿಂತ್ರ ಪಾಚಿ ವಾಸನಿ ಹಿಡೀತದ.

ಅಡುಗೆಮನೆ
ಸಾಫ್ಟನರ್ ನೀರನ್ನು ಅಡುಗೆಮನೆ ನಳಕ್ಕೆ ಕೊಡಲೇಬೇಡಿ ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ. ಸೋಡಿಯಂ ಲೆಕ್ಕ ಯಾರಾದರೂ ಹೇಳಿ.

ಪಿಪೆಟ್ಟು
ಪ್ರತಿ 100 ಗಡಸುತನಕ್ಕೆ 46 ಮಿ.ಗ್ರಾಂ ಸೋಡಿಯಂ ನೀರಿಗೆ ಸೇರುತ್ತದೆ. 640 ಪೂರ್ತಿ ತೆಗೆದರೆ 294. ಇವರ ನೀರಿನ ಉಳಿದ ಅಂಕಿಗಳನ್ನು ಸರಿದೂಗಿಸಿ ನೋಡಿದರೆ ಮೊದಲೇ 190ರಷ್ಟು ಸೋಡಿಯಂ ಇರಬೇಕು. ಒಟ್ಟು 480ರ ಮೇಲೆ. 200 ದಾಟಿದರೆ ರುಚಿಯೇ ತಿಳಿಯುತ್ತದೆ. ಬಿಪಿ, ಕಿಡ್ನಿ, ಹೃದಯದ ತೊಂದರೆ ಇದ್ದವರಿಗೆ ಬೇಡವೇ ಬೇಡ. ಗಿಡಕ್ಕೂ ಬೇಡ. ನಮ್ಮ ಎರಿ ಮಣ್ಣಿಗೆ ಸೋಡಿಯಂ ಹೋದರೆ ಮಣ್ಣು ಬಿಗಿದು ನೀರು ಇಂಗದಂತಾಗುತ್ತದೆ. ಇನ್ನೊಂದು ಮಾತು, ಸಾಫ್ಟನರ್ ಹಾಕಿದ ಮೇಲೆ ಟಿಡಿಎಸ್ ಇಳಿಯಲಿಲ್ಲ ಅಂತ ಜಗಳ ಆಡಬೇಡಿ. ಅದು ಇಳಿಯುವುದೇ ಇಲ್ಲ, ತುಸು ಏರುತ್ತದೆ.

ಮಾನ್ವಿ_ಮಂದಿ
ಮೋಟರ್ ಪೈಪಿಗೆ ಮ್ಯಾಗ್ನೆಟ್ ಕಟ್ಟಿದ್ರ ಉಪ್ಪೂ ಬ್ಯಾಡ, ರೆಸಿನ್ನೂ ಬ್ಯಾಡ ಅಂತಾರಲ್ಲ?

ಪಿಪೆಟ್ಟು
ಮ್ಯಾಗ್ನೆಟ್ ಗಡಸುತನ ತೆಗೆಯುವುದಿಲ್ಲ. ಕಟ್ಟುವ ಮುಂಚೆ, ಕಟ್ಟಿದ ಮೇಲೆ ಎರಡೂ ನೀರು ಪರೀಕ್ಷಿಸಿ, ಅಂಕಿ ಅದೇ ಇರುತ್ತದೆ. ರೊಕ್ಕ ಉಳಿಸಿಕೊಳ್ಳಿ.

ಪಾನಾಪೈಪು
ಗೀಜರ್, ವಾಷಿಂಗ್ ಮಷಿನ್ ಎರಡಕ್ಕೇ ಆದ್ರ ಸಾಫ್ಟನರ್ ಇಲ್ಲದನೂ ನಡೀತದ. ಪಾಲಿಫಾಸ್ಫೇಟ್ ಗುಂಡು ತುಂಬಿದ ಸಣ್ಣ ಕಾರ್ಟ್ರಿಜ್ ಸಿಗ್ತದ, ಒಳಹೋಗೋ ಪೈಪಿಗೆ ಕೂಡ್ಸೋದು. ಗಡಸು ತೆಗ್ಯಂಗಿಲ್ಲ, ಆದ್ರ ಸುಣ್ಣ ಅಂಟಿ ಕೂಡೋದು ತಡೀತದ. 60 ಡಿಗ್ರಿ ಒಳಗ ಅಷ್ಟ ಕೆಲಸ ಮಾಡ್ತದ. ಅಡುಗಿಮನಿ ಲೈನಿಗೆ ಕೂಡಿಸಬ್ಯಾಡ್ರಿ.

ನಾಲಿದಂಡಿ
ಗೀಜರ್ ಈಗಾಗಲೇ ಕಟ್ಟೇದ. ಆಸಿಡ್ ಹಾಕಿ ತೊಳಿಯೋದಾ?

ಪಾನಾಪೈಪು
ಬಾತ್‌ರೂಮ್ ತೊಳಿಯೋ ಆಸಿಡ್ ಹಾಕಿದ್ರ ಟ್ಯಾಂಕ್ ತೂತು ಬೀಳ್ತದ. ನಿಂಬಿಉಪ್ಪು ಸಾಕು, ಕಿರಾಣಿ ಅಂಗಡ್ಯಾಗ ಕೆ.ಜಿ. ಲೆಕ್ಕದಾಗ ಸಿಗ್ತದ.

ಮೇನ್ ಸ್ವಿಚ್ ಬಂದ್ ಮಾಡ್ರಿ. ಬರೇ ಗೀಜರ್ ಬಟನ್ ಅಲ್ಲ, ಎಂಸಿಬಿ ಇಳಸ್ರಿ. ನೀರು ಆರಲಿ. ಒಳಹೋಗೋ ವಾಲ್ವ್ ಬಂದ್ ಮಾಡಿ ಟ್ಯಾಂಕ್ ಖಾಲಿ ಮಾಡ್ರಿ. ಕೆಳಗಿನ ಫ್ಲ್ಯಾಂಜ್ ಬಿಚ್ಚಿದ್ರ ಎಲಿಮೆಂಟ್, ಥರ್ಮೋಸ್ಟ್ಯಾಟ್, ಆನೋಡ್ ರಾಡ್ ಒಟ್ಟಿಗೆ ಬರ್ತಾವ. ಎಲಿಮೆಂಟ್ ಮ್ಯಾಲ ಮೊಟ್ಟಿ ತೊಗಟಿಯಂಥ ಪದರು ಇರ್ತದ, ಚಾಕುವಿಂದ ಕೆರಿಬ್ಯಾಡ್ರಿ, ಕೋಟಿಂಗ್ ಹೋಗ್ತದ. ಬಕೆಟ್‌ನ್ಯಾಗ ಐದು ಲೀಟರ್ ಬೆಚ್ಚನ ನೀರಿಗೆ 250 ಗ್ರಾಂ ನಿಂಬಿಉಪ್ಪು ಕಲಸಿ, ಎಲಿಮೆಂಟ್ ಭಾಗ ಅಷ್ಟ ಮುಳುಗಿಸಿ ಎರಡು ತಾಸು ಬಿಡ್ರಿ. ಕರೆಂಟ್ ತುದಿ ಒದ್ದಿ ಆಗಬಾರದು. ಗುಳ್ಳಿ ಏಳೋದು ನಿಂತು ಪದರು ಇನ್ನೂ ಇದ್ರ ನೀರು ಚೆಲ್ಲಿ ಹೊಸದು ಕಲಸ್ರಿ.

ಟ್ಯಾಂಕ್ ತಳದಾಗ ಉದುರಿದ ಸುಣ್ಣ ಕೈಯಿಂದ ತೆಗೀರಿ. ಆನೋಡ್ ರಾಡ್ ತಂತಿ ಕಾಣೋ ಅಷ್ಟು ಸವದಿದ್ರ ಬದಲಸ್ರಿ, ರಾಡ್ ಸತ್ತ ಮ್ಯಾಲ ತುಕ್ಕು ಟ್ಯಾಂಕನ್ನೇ ತಿಂತದ. ಫ್ಲ್ಯಾಂಜಿನ ರಬ್ಬರ್ ಗ್ಯಾಸ್ಕೆಟ್ ಹೊಸದು ಹಾಕ್ರಿ, ಹಳೇದು ಮತ್ತ ಕೂಡಿಸಿದ್ರ ಸೋರ್ತದ. ನೀರು ಪೂರಾ ತುಂಬಿ ನಳದಾಗ ಬಂದ ಮ್ಯಾಲೇ ಕರೆಂಟ್. ಥರ್ಮೋಸ್ಟ್ಯಾಟ್ 50ಕ್ಕ ಇಡ್ರಿ. 70ಕ್ಕ ಇಟ್ಟಷ್ಟೂ ಸುಣ್ಣ ಜಾಸ್ತಿ ಕೂಡ್ತದ.

ಪಿಪೆಟ್ಟು
ಒಂದು ಸೇರಿಸುತ್ತೇನೆ. ನೀರು ಬೆಚ್ಚಗಿರಲಿ, ಕುದಿಯುವುದು ಬೇಡ. ನಿಂಬೆ ಉಪ್ಪು ಸುಣ್ಣದ ಜೊತೆ ಸೇರಿ ಕ್ಯಾಲ್ಸಿಯಂ ಸಿಟ್ರೇಟ್ ಆಗುತ್ತದೆ, ಅದು ಬಿಸಿ ಹೆಚ್ಚಾದಷ್ಟೂ ಕರಗುವುದು ಕಮ್ಮಿ. ಕುದಿಸಿದರೆ ಅದೇ ಬಿಳಿ ಪುಡಿಯಾಗಿ ಮತ್ತೆ ಕೂರುತ್ತದೆ. 100 ಗ್ರಾಂ ಸುಣ್ಣ ಕರಗಲು ಸುಮಾರು 130 ಗ್ರಾಂ ನಿಂಬೆ ಉಪ್ಪು ಬೇಕು. ಒಂದು ಚಮಚ ಹಾಕಿ ಕೆಲಸ ಆಗಲಿಲ್ಲ ಅನ್ನುವವರು ಹೆಚ್ಚು.

ಆಸಿಡ್ ಮತ್ತು ಬ್ಲೀಚಿಂಗ್ ಪುಡಿ ಎಂದೂ ಕೂಡಿಸಬೇಡಿ. ಕ್ಲೋರಿನ್ ಗಾಳಿ ಬರುತ್ತದೆ. ಮುಚ್ಚಿದ ಬಾತ್‌ರೂಮಿನಲ್ಲಿ ಜೀವ ಹೋಗಬಹುದು.

ಅಡುಗೆಮನೆ
ಬೇಳೆ ವಿಷಯ ಎಲ್ಲರೂ ಬಿಟ್ಟೇಬಿಟ್ಟಿರಿ. ಬೇಯದಿರುವುದಕ್ಕೆ ಕಾರಣ ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಬೇಳೆಯ ಪೆಕ್ಟಿನ್ ಜೊತೆ ಬಿಗಿಯಾಗಿ ಕೂಡಿಕೊಳ್ಳುವುದು. ಒಳಗಿನ ಗಂಟು ಸಡಿಲ ಆಗಲ್ಲ. ಹುಣಸೆ, ಟೊಮೆಟೊ ಮೊದಲೇ ಹಾಕಿದರೆ ಇನ್ನೂ ಬಿಗಿ. ಬೇಳೆ ಮೆತ್ತಗಾದ ಮೇಲೇ ಹುಳಿ. ನೆನೆಹಾಕುವ ನೀರೂ ಸಿಹಿ ನೀರೇ ಇರಲಿ, ನೆನೆಯುವಾಗಲೇ ಕ್ಯಾಲ್ಸಿಯಂ ಒಳಗೆ ಹೋಗುತ್ತದೆ. ಅಡುಗೆ ಸೋಡಾ ಚಿಟಿಕೆ ಹಾಕಿದರೆ ಬೇಗ ಬೇಯುತ್ತದೆ ನಿಜ, ಆದರೆ ಬೇಳೆಯ ಬಿ1 ಜೀವಸತ್ವ ಹಾಳಾಗುತ್ತದೆ. ದಿನಾ ಹಾಕುವುದು ಬೇಡ. ಐದು ಮಂದಿಗೆ ಬೇಳೆ, ಅನ್ನ, ಚಾ, ಕುಡಿಯಲು ಎಲ್ಲಾ ಸೇರಿ 25 ಲೀಟರ್ ಸಿಹಿ ನೀರು ಬೇಕು. ಅಷ್ಟಕ್ಕೆ ಮಾತ್ರ ವ್ಯವಸ್ಥೆ ಮಾಡಿಕೊಂಡರೆ ಮನೆಗೆಲಸ ಸಲೀಸು.

ನಾಲಿದಂಡಿ
ಹಂಗಾದ್ರ ಅಡುಗಿಮನಿಗೆ ಆರ್‌ಒ. ಈ ನೀರಿಗೆ ತಡೀತದಾ?

ಪಿಪೆಟ್ಟು
ತಡೆಯುತ್ತದೆ, ಆದರೆ ಮೆಂಬ್ರೇನ್ (ನೀರು ಸೋಸುವ ಒಳಗಿನ ಪೊರೆ) ಬೇಗ ಕಟ್ಟುತ್ತದೆ. ಸಾಫ್ಟನರ್ ಹಾಕಿಸುವುದೇ ಆದರೆ ಆ ನೀರನ್ನು ಆರ್‌ಒಗೆ ಕೊಡಿ, ಸೋಡಿಯಂ ಅನ್ನೂ ಆರ್‌ಒ ತೆಗೆಯುತ್ತದೆ, ಮೆಂಬ್ರೇನ್ ಬಾಳುತ್ತದೆ. ಇಲ್ಲದಿದ್ದರೆ ಆಂಟಿಸ್ಕೇಲಂಟ್ (ಸುಣ್ಣ ಕಟ್ಟದಂತೆ ತಡೆಯುವ) ಕಾರ್ಟ್ರಿಜ್ ಇರುವುದನ್ನು ತೆಗೆದುಕೊಳ್ಳಿ. ಮುಂದಿನ 5 ಮೈಕ್ರಾನ್ ಫಿಲ್ಟರ್ ಮತ್ತು ಕಾರ್ಬನ್ ಫಿಲ್ಟರ್ ಬದಲಾಯಿಸುವುದರಲ್ಲಿ ಜಿಪುಣತನ ಬೇಡ. ನಾಲೆ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಕಾರ್ಬನ್ ಸತ್ತರೆ ಆ ಕ್ಲೋರಿನ್ ಮೆಂಬ್ರೇನನ್ನು ತಿನ್ನುತ್ತದೆ.

ಆರ್‌ಒ ಮೇಲೆ "ರುಚಿ ಹೊಂದಿಸುವ" ತಿರುಪು ಇರುತ್ತದೆ, ಅದು ಹಸಿ ನೀರು ಬೆರೆಸುವ ವಾಲ್ವ್. ಕಾಲು ಪಾಲು ಹಸಿ ನೀರು ಬೆರೆತರೆ ಫ್ಲೋರೈಡ್ 0.6ರಷ್ಟು, ನೈಟ್ರೇಟ್ 25ರಷ್ಟು. ಅಲ್ಲಿಯವರೆಗೆ ಸರಿ. ಮೆಕ್ಯಾನಿಕ್ ರುಚಿಗೆ ಅಂತ ಅರ್ಧದಾಚೆ ತಿರುವಿಬಿಟ್ಟರೆ ಫ್ಲೋರೈಡ್ ಮತ್ತೆ 1 ದಾಟುತ್ತದೆ. ಬೆರೆತ ನೀರು ಯುವಿ ದಾಟಿ ಬರುವಂತಿರಲಿ.

ಸಿರಗುಪ್ಪ_ಸೀಮೆ
ವೇಸ್ಟ್ ನೀರಿನ ಬಗ್ಗೆ ಯಾರೂ ಮಾತಾಡ್ತಿಲ್ಲ. ಬೇಸಿಗೇಲಿ ಕೊಡ ನೀರಿಗೆ ಸಾಲು ನಿಲ್ಲೋ ಊರುಗಳಲ್ಲಿ 20 ಲೀಟರಿಗೆ 60 ಲೀಟರ್ ಗಟಾರಕ್ಕೆ ಬಿಡೋದು ತಪ್ಪು.

ಕಾರಟಗಿಯವ
ಗಟಾರಕ್ಕ ಯಾಕ್ರಿ? ಡ್ರಮ್ಮಿಗೆ ಹಿಡದು ಪಾಯಿಖಾನಿಗೆ, ನೆಲ ಒರಸಾಕ ಬಳಸ್ರಿ.

ಸಿರಗುಪ್ಪ_ಸೀಮೆ
ಎಷ್ಟು ಮನೇಲಿ ಹಿಡೀತಾರೆ ಹೇಳ್ರೀ? 25 ಲೀಟರಿಗೋಸ್ಕರ ಯಂತ್ರ ಬೇಡ. ಶುದ್ಧ ನೀರಿನ ಘಟಕದಿಂದ ದಿನಕ್ಕೊಂದು ಕ್ಯಾನ್ ತರೋದೇ ಲೇಸು.

ಪಿಪೆಟ್ಟು
ಅದೂ ಒಳ್ಳೆಯ ದಾರಿ. ಘಟಕದ ನೀರನ್ನೂ ವರ್ಷಕ್ಕೆ ಎರಡು ಸಲವಾದರೂ ಫ್ಲೋರೈಡ್‌ಗೆ ಪರೀಕ್ಷೆ ಮಾಡಿಸಿ. ಅಲ್ಲಿಯೂ ಮೆಂಬ್ರೇನ್ ಹರಿದಿರಬಹುದು. ಟಿಡಿಎಸ್ ಮೀಟರ್ ಉಪಯೋಗಕ್ಕೆ ಬರುವುದು ಇಲ್ಲಿ: ಇಷ್ಟು ದಿನ 80 ತೋರಿಸುತ್ತಿದ್ದದ್ದು ಒಮ್ಮೆಲೇ 300 ತೋರಿಸಿದರೆ ಮೆಂಬ್ರೇನ್ ಹೋಗಿದೆ ಅಂತ. ಕ್ಯಾನ್ ಒಳಗೆ ಕೈ ಹಾಕಬೇಡಿ, ನಳ ಇರುವ ಸ್ಟ್ಯಾಂಡ್ ಇಡಿ. ಆ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ, ಮೂರು ದಿನ ಇಟ್ಟು ಕುಡಿಯಬೇಡಿ.

ಮಾನ್ವಿ_ಮಂದಿ
ಕೂಲರ್‌ಗೆ ಯಾವ ನೀರು? ಪ್ಯಾಡ್ ಕಲ್ಲಾಗ್ಯಾವ.

ಪಾನಾಪೈಪು
ಬೋರ್ ನೀರೇ ಹಾಕ್ರಿ, ಆದ್ರ ಕಡಿಮಿ ಆದಂಗ ತುಂಬಿಕೋತ ಹೋಗಬ್ಯಾಡ್ರಿ. ಆವಿ ಆಗೋದು ನೀರಷ್ಟ, ಸುಣ್ಣ ತೊಟ್ಟ್ಯಾಗೇ ಉಳೀತದ. ಎರಡು ದಿನಕ್ಕೊಮ್ಮೆ ತೊಟ್ಟಿ ಪೂರಾ ಖಾಲಿ ಮಾಡಿ ಹೊಸ ನೀರು. ಆರ್‌ಒ ವೇಸ್ಟ್ ಅಂತೂ ಹಾಕಬ್ಯಾಡ್ರಿ, ಅದು ಬೋರ್ ನೀರಿಗಿಂತ ಗಡಸು. ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ನೀರು ಬಿಟ್ಟು ಬ್ಯಾರೆ ಏನೂ ಇಲ್ಲ, ಆರ್‌ಒ ನೀರೂ ಅಲ್ಲ.

ಅಡುಗೆಮನೆ
ನಾಲೆ ನೀರು "ಚಲೋ" ಅಂತ ಎಲ್ಲರೂ ಅಂದುಕೊಂಡಿದ್ದೀರಿ. ಮೆತ್ತಗಿದೆ, ಅಷ್ಟೇ. 2022ರಲ್ಲಿ ರಾಯಚೂರಿನಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದು ಇನ್ನೂ ಮರೆತಿಲ್ಲ. ನಳದ ನೀರಿಗೆ ಗಡಸಿಗಿಂತ ದೊಡ್ಡ ಶತ್ರು ಗಟಾರ.

ಪಾನಾಪೈಪು
ನೂರಕ್ಕ ನೂರು ಖರೆ. ನೀರು ಬಿಡೋದು ದಿನಾ ಅಲ್ಲ. ನೀರು ನಿಂತಾಗ ಪೈಪ್ ಒಳಗ ಖಾಲಿ. ಆವಾಗ ಮನಿ ಮುಂದಿನ ಕನೆಕ್ಷನ್ ಪೈಪು ಗಟಾರದಾಗ ಮುಳುಗಿದ್ದು, ಅದರ ಜಾಯಿಂಟ್ ಸಡಿಲಿದ್ರ, ಕೊಳಚಿ ಒಳಗ ಇಳೀತದ. ಅದರ ಮ್ಯಾಲ ನೀರು ಬಂದ ಕೂಡಲೇ ಲೈನಿಗೆ ನೇರ ಮೋಟರ್ ಹಚ್ಚಿ ಎಳೀತಾರ, ಮೋಟರ್ ಆ ಕೊಳಚಿನೂ ಎಳೀತದ. ತಮ್ಮ ಮನಿಗಷ್ಟ ಅಲ್ಲ, ಬಾಜೂ ಮನ್ಯವ್ರಿಗೂ ರೋಗ ಹಂಚಿದಂಗ. ಮೋಟರ್ ಬೇಕಿದ್ರ ನೆಲದ ತೊಟ್ಟಿಗೆ ನೀರು ತಾನಾಗಿ ಬೀಳಲಿ, ತೊಟ್ಟಿಯಿಂದ ಮ್ಯಾಲಕ್ಕ ಎಳೀರಿ.

ಹಳೇ ಜಿಐ ಪೈಪು ತುಕ್ಕು ಹಿಡಿದಿದ್ರ 20 ಎಂಎಂ ಪಾಲಿಥೀನ್ ಪೈಪು ಹಾಕಿಸ್ರಿ. ಮೇನ್ ಪೈಪಿನ ಸ್ಯಾಡಲ್‌ನಿಂದ (ಕನೆಕ್ಷನ್ ತೆಗೆಯೋ ಪಟ್ಟಿ) ಕಾಂಪೌಂಡ್ ಒಳಗಿನತನಕ ಒಂದೇ ತುಂಡು, ನಡುವ ಜಾಯಿಂಟ್ ಇರಬಾರದು. ಗಟಾರ ದಾಟೋ ಕಡೆ ದೊಡ್ಡ ಪೈಪಿನ ತೋಳಿನೊಳಗ, ಗಟಾರದ ಮ್ಯಾಲಿಂದ ದಾಟಸ್ರಿ. ನೀರು ಬಂದಾಗ ಮೊದಲ ಹತ್ತು ನಿಮಿಷದ್ದು ತೊಟ್ಟಿಗೆ ಬಿಡಬ್ಯಾಡ್ರಿ.

ಪಿಪೆಟ್ಟು
ಅನುಮಾನ ಬಂದರೆ ಎಚ್‌2ಎಸ್ ಬಾಟಲಿ ತನ್ನಿ. ಗೆರೆಯ ತನಕ ನೀರು ತುಂಬಿ ಮುಚ್ಚಿಡಿ. ನಮ್ಮ ಬೇಸಿಗೆಯ ಸೆಕೆಯಲ್ಲಿ ಬೇರೆ ಶಾಖ ಬೇಡ. 24ರಿಂದ 48 ಗಂಟೆಯೊಳಗೆ ಕಪ್ಪಾದರೆ ಮಲದ ಸೋಂಕು ಸೇರಿದೆ.

ತೊಟ್ಟಿಗೆ ಬ್ಲೀಚಿಂಗ್: ಹೊಸ ಪುಡಿಯಲ್ಲಿ ನೂರಕ್ಕೆ 25ರಷ್ಟು ಕ್ಲೋರಿನ್ ಅಂತ ಹಿಡಿದರೆ 1000 ಲೀಟರಿಗೆ 4 ಗ್ರಾಂ. ಮಗ್ಗಿನಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿಯಷ್ಟೇ ಹಾಕಿ, ತಳದ ಸುಣ್ಣ ಬೇಡ. ಅರ್ಧ ಗಂಟೆ ಬಿಟ್ಟು ಬಳಸಿ. ಆಗ ಕ್ಲೋರಿನ್ 0.2 ಆದರೂ ಉಳಿದಿರಬೇಕು. ಚೀಲ ಬಿಚ್ಚಿ ತಿಂಗಳು ಕಳೆದ ಪುಡಿಗೆ ಶಕ್ತಿ ಇರಲ್ಲ.

ಕಾರಟಗಿಯವ
ಮಳಿ ನೀರಿನ ವಿಷ್ಯ ಯಾರೂ ತೆಗೀಲಿಲ್ಲ. ನಮ್ಮ ಭಾಗದಾಗ ವರ್ಷಕ್ಕ ಸುಮಾರು 600 ಮಿ.ಮೀ. ಮಳಿ. 1000 ಚದರಡಿ ಆರ್‌ಸಿಸಿ ಮಾಳಿಗಿ ಅಂದ್ರ 93 ಚದರ ಮೀಟರ್. ನೂರಕ್ಕ 80 ಹಿಡದ್ರೂ 44,000 ಲೀಟರ್. ದಿನಕ್ಕ 25 ಲೀಟರ್ ಅಂದ್ರ ವರ್ಷಕ್ಕ 9,000 ಸಾಕು. ಮಳಿ ನೀರಿಗೆ ಗಡಸು ಇಲ್ಲ, ಫ್ಲೋರೈಡ್ ಇಲ್ಲ. 10,000 ಲೀಟರಿನ ತೊಟ್ಟಿ, ಬೆಳಕು ಬೀಳದಂಗ ಮುಚ್ಚಳ, ಗಾಳಿ ಪೈಪಿಗೆ ಸೊಳ್ಳಿ ಜಾಳಿಗಿ. ಪ್ರತಿ ಮಳಿಗೆ ಮೊದಲ 150 ಲೀಟರ್ ಹೊರಗ ಬಿಡಾಕ ವಾಲ್ವ್, ಅದರಾಗೇ ಧೂಳು, ಹಕ್ಕಿ ಹಿಕ್ಕಿ ಹೋಗ್ತದ. ಆಮ್ಯಾಲ ಜಲ್ಲಿ, ಮರಳು, ಇದ್ದಲಿ ಡ್ರಮ್. ಮಣ್ಣಿನ ಮಾಳಿಗಿ ಇದ್ರ ಮಾತ್ರ ಆಗಂಗಿಲ್ಲ.

ಪಿಪೆಟ್ಟು
ಇದೇ ಎಲ್ಲಕ್ಕಿಂತ ಒಳ್ಳೆಯದು. ಕ್ರಿಮಿಗೆ ಮಾತ್ರ ಕುದಿಸಿ ಅಥವಾ ಯುವಿ.

ನಾಲಿದಂಡಿ
ಬಹಳ ಉಪಕಾರ ಆತ್ರಿ. ಇವತ್ತಿಂದ ಕ್ಯಾನ್ ನೀರು ಶುರು. ಸಾಫ್ಟನರ್ ಬಿಟ್ಟೆ, ಗೀಜರ್‌ಗೆ ಗುಂಡಿನ ಕಾರ್ಟ್ರಿಜ್ ಹಾಕಿಸ್ತೀನಿ. ಮಳಿಗಿಂತ ಮುಂಚೆ ತೊಟ್ಟಿ. ಕೊನೀ ಪ್ರಶ್ನೆ: ನೈಟ್ರೇಟ್ ಎಲ್ಲಿಂದ ಬಂತು? ನಾಲಿ ನೀರು ಬಂದ ಮ್ಯಾಲ ನಳದ ನೀರಿನ ಪರೀಕ್ಷೆಗೆ ಹೆಂಗ ಹಿಡೀಬೇಕು?

ಪಿಪೆಟ್ಟು
ನೈಟ್ರೇಟ್ ಬರುವುದು ಹೊಲದ ಯೂರಿಯಾದಿಂದ, ಇಲ್ಲವೇ ಪಾಯಿಖಾನೆ ಗುಂಡಿಯಿಂದ. ಪಟ್ಟಣದೊಳಗಿನ ಬೋರ್ ಆದರೆ ಮೊದಲ ಅನುಮಾನ ಗುಂಡಿ ಮೇಲೆ. ಗುಂಡಿಗೂ ಬೋರಿಗೂ ಎಷ್ಟು ಅಡಿ ಅಂತ ಅಳೆಯಿರಿ. ಕೇಸಿಂಗ್ ಸುತ್ತ ಸಿಮೆಂಟ್ ಕಟ್ಟೆ ಬಿರುಕು ಬಿಟ್ಟಿದೆಯಾ ನೋಡಿ.

ಮಾದರಿಗೆ ಎರಡು ಬಾಟಲಿ. ಲವಣಗಳ ಪರೀಕ್ಷೆಗೆ ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿ. ಸೋಪು ಹಾಕಿ ತೊಳೆಯಬೇಡಿ, ಅದೇ ನೀರಿನಲ್ಲಿ ಮೂರು ಸಲ ಕುಲುಕಿ ಚೆಲ್ಲಿ, ಕಂಠಮಟ್ಟ ತುಂಬಿ. ಕ್ರಿಮಿ ಪರೀಕ್ಷೆಯ ಬಾಟಲಿಯನ್ನು ಪ್ರಯೋಗಾಲಯದವರೇ ಕೊಡುತ್ತಾರೆ, ಒಳಗೆ ಕ್ಲೋರಿನ್ ಕೊಲ್ಲುವ ಪುಡಿ ಇರುತ್ತದೆ. ಅದನ್ನು ತೊಳೆಯಬಾರದು, ಕಂಠದವರೆಗೆ ತುಂಬಬಾರದು, ಮುಚ್ಚಳದ ಒಳಬದಿ ಮುಟ್ಟಬಾರದು. ಮಂಜುಗಡ್ಡೆ ಡಬ್ಬಿಯಲ್ಲಿಟ್ಟು 24 ಗಂಟೆಯೊಳಗೆ ಮುಟ್ಟಿಸಿ. ನೀರು ಹಿಡಿಯುವುದು ಸಿಂಟೆಕ್ಸ್‌ನಿಂದಲ್ಲ, ರಸ್ತೆಯಿಂದ ನೇರ ಬರುವ ನಳದಿಂದ. ಎರಡು ನಿಮಿಷ ಹರಿಸಿದ ಮೇಲೆ.

ಪಾನಾಪೈಪು
ಇನ್ನೊಂದು. ನಾಲಿ ಬಿಟ್ಟ ಮೊದಲ ಸರದಿ ನೀರು ಹಿಡೀಬ್ಯಾಡ್ರಿ. ಕೆರ್ಯಾಗಿನ ಹಳೇ ನೀರು, ಪೈಪಿನ ತುಕ್ಕು ಎಲ್ಲಾ ಅದರಾಗೇ ಬರ್ತದ. ಮೂರನೇ ಸರದಿದು ಹಿಡೀರಿ, ಹಿಡಿದ ತಾರೀಖು, ಹೊತ್ತು ಬಾಟ್ಲಿ ಮ್ಯಾಲೇ ಬರೀರಿ.